ಹ್ಯಾಮ್‌ಸ್ಟರ್: ಎರಡು ವರ್ಷದ ಅತಿಥಿ ಹತ್ತೇ ತಿಂಗಳಿಗೆ ಹೋಗುವುದೇಕೆ?

ಚಿನಕುರಳಿ (ಪಾಂಡವಪುರ ತಾಲ್ಲೂಕು): ಇಲಿ ಕೊಲ್ಲುವ ಔಷಧಿಗೆ ದುಡ್ಡು ಕೊಡುವ ಮನೆಯಲ್ಲಿಯೇ ಇಲಿಯಂತೆ ಕಾಣುವ ಪ್ರಾಣಿಯೊಂದನ್ನು ದುಡ್ಡು ಕೊಟ್ಟು ತಂದು ಸಾಕಿದರೆ ಹಿರಿಯರು ಏನೆಂದಾರು? ಕಬ್ಬು, ಭತ್ತ, ರಾಗಿ ಬೆಳೆಯುವ ಈ ಹೋಬಳಿ ಕೇಂದ್ರದ ಮನೆಯೊಂದರಲ್ಲಿ ಅಜ್ಜಿಯೊಬ್ಬರು ಹೇಳಿದ್ದಿಷ್ಟು: "ಗದ್ದೇಲಿ ಇಲಿ ಸಾಯ್ಲಿ ಅಂತ ಔಸ್ದಿ ಇಡ್ತೀವಿ, ಇಲ್ಲಿ ಇದ್ಕೆ ಅರಮನೆ ಕಟ್ಟವ್ರೆ ನೋಡಪ್ಪ."

ಆ ಮನೆ ಈ ವರದಿಗಾರನ ಅಕ್ಕನದು. ಅರಮನೆ ಎಂದು ಅಜ್ಜಿ ಕರೆದದ್ದು ಎರಡು ಗೇಣು ಉದ್ದದ ತಂತಿ ಪಂಜರವನ್ನು. ಅದರೊಳಗಿದ್ದದ್ದು ಕಂದು ಬಣ್ಣದ, ಬಾಲವೇ ಇಲ್ಲವೆನ್ನುವಷ್ಟು ಮೋಟುಬಾಲದ ಒಂದು ಹ್ಯಾಮ್‌ಸ್ಟರ್. 2023ರ ಜೂನ್ ತಿಂಗಳಲ್ಲಿ, ಶಾಲೆ ಆರಂಭವಾದ ಸಂಭ್ರಮಕ್ಕೆ, ಅಕ್ಕನ ಮಗನಿಗೆ ಅದನ್ನು ಮೈಸೂರಿನ ಅಂಗಡಿಯೊಂದರಿಂದ ಕೊಡಿಸಿದವನು ಸೋದರಮಾವನಾದ ಈ ವರದಿಗಾರನೇ. "ಐದಾರು ವರ್ಷ ಆರಾಮಾಗಿ ಇರುತ್ತೆ ಸಾರ್, ಏನು ಹಾಕಿದರೂ ತಿನ್ನುತ್ತೆ" ಎಂದು ಅಂಗಡಿಯಾತ ಹೇಳಿದ್ದನ್ನು ಪರೀಕ್ಷಿಸದೆ ನಂಬಿದ್ದೂ ಆಯಿತು. 2024ರ ಏಪ್ರಿಲ್‌ನ ಒಂದು ಮಧ್ಯಾಹ್ನ, ಶೀಟಿನ ಛಾವಣಿಯ ಕೋಣೆಯಲ್ಲಿ, ಅದು ಮಲಗಿದಲ್ಲೇ ಸತ್ತಿತ್ತು. ಮನೆಗೆ ಬಂದು ಹತ್ತೇ ತಿಂಗಳಾಗಿತ್ತು.

"ಅದಕ್ಕೆ ಏನಾಯ್ತು ಮಾವ?" ಎಂದು ಹುಡುಗ ದೂರವಾಣಿಯಲ್ಲಿ ಕೇಳಿದಾಗ ಹೇಳಲು ಉತ್ತರವಿರಲಿಲ್ಲ. ಉತ್ತರ ಹುಡುಕಲು ಹೊರಟಾಗ ತಿಳಿದದ್ದು ಎರಡು ಸಂಗತಿ. ಅಂಗಡಿಯಲ್ಲಿ ಹೇಳಿದ ಆಯುಷ್ಯ ಸುಳ್ಳು. ಆದರೆ ಹತ್ತು ತಿಂಗಳೂ ಅದರ ಆಯುಷ್ಯವಲ್ಲ. ಇವೆರಡರ ನಡುವಿನ ಅಂತರ ತುಂಬುವುದು ಆರೈಕೆ.

ಗೋಧಿ ಹೊಲದಿಂದ ಬಂದ ವಂಶ

ಹ್ಯಾಮ್‌ಸ್ಟರ್ ನಮ್ಮ ಮನೆಯ ಇಲಿಯ ಮರಿಯಲ್ಲ, ಪ್ರಯೋಗಾಲಯದ ಬಿಳಿ ಇಲಿಯೂ ಅಲ್ಲ, ಗಿನಿಯಿಲಿಯಂತೂ ಅಲ್ಲವೇ ಅಲ್ಲ. ಬಾಚಿಹಲ್ಲು ಜೀವನಪೂರ್ತಿ ಬೆಳೆಯುವ ದಂಶಕಗಳ ಗಣಕ್ಕೆ ಇವೆಲ್ಲ ಸೇರಿದರೂ ಕುಟುಂಬಗಳು ಬೇರೆ ಬೇರೆ. ಕಬ್ಬಿನ ಗದ್ದೆಯ ಇಲಿ, ಹೆಗ್ಗಣಗಳು ಒಂದು ಕುಟುಂಬದವಾದರೆ ಹ್ಯಾಮ್‌ಸ್ಟರ್ ಹಿಮಪ್ರದೇಶದ ಲೆಮ್ಮಿಂಗ್‌ಗಳ ಬಳಗಕ್ಕೆ ಹತ್ತಿರದ್ದು. ಭಾರತದಲ್ಲಿ ಕಾಡು ಹ್ಯಾಮ್‌ಸ್ಟರ್ ಇರುವುದು ದೂರದ ಲಡಾಖಿನಂಥ ಎತ್ತರದ ಪ್ರದೇಶಗಳಲ್ಲಿ. ಅಂಗಡಿಗಳಲ್ಲಿ ಮಾರಾಟವಾಗುವ ಜಾತಿ ಅದಲ್ಲ.

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ದೊಡ್ಡ ಗಾತ್ರದ್ದು ಸಿರಿಯಾ ದೇಶದ ಬಂಗಾರದ ಹ್ಯಾಮ್‌ಸ್ಟರ್. ಅಲೆಪ್ಪೊ ನಗರದ ಸುತ್ತಿನ ಬಯಲುಸೀಮೆ ಅದರ ತವರು. 1839ರಲ್ಲಿ ಲಂಡನ್ನಿನ ಜಾರ್ಜ್ ವಾಟರ್‌ಹೌಸ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರೂ ಸುಮಾರು ಒಂದು ಶತಮಾನ ಅದನ್ನು ಸಾಕುವುದು ವ್ಯಾಪಕವಾಗಿ ಬಳಕೆಗೆ ಬರಲಿಲ್ಲ. ಕಾಲಾ ಆಜಾರ್ ಜ್ವರದ ಅಧ್ಯಯನಕ್ಕೆ ಪ್ರಯೋಗಪ್ರಾಣಿ ಬೇಕೆಂದು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಾಲ್ ಆಡ್ಲರ್ ಕೇಳಿಕೊಂಡಾಗ, ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ 1930ರ ಏಪ್ರಿಲ್‌ನಲ್ಲಿ ಅಲೆಪ್ಪೊ ಸಮೀಪದ ಗೋಧಿ ಹೊಲವೊಂದನ್ನು ಅಗೆಸಿ, ಒಂದು ತಾಯಿಯನ್ನೂ ಹನ್ನೊಂದು ಮರಿಗಳನ್ನೂ ಹೊರತೆಗೆಸಿದರು. ಗಾಬರಿಗೊಂಡ ತಾಯಿ ಒಂದು ಮರಿಯನ್ನು ಅಲ್ಲೇ ಕಚ್ಚಿ ಕೊಂದಿತು. ಉಳಿದವುಗಳಲ್ಲಿಯೂ ಕೆಲವು ತಪ್ಪಿಸಿಕೊಂಡವು, ಕೆಲವು ಸತ್ತವು. ಬದುಕುಳಿದ ಒಡಹುಟ್ಟಿದವುಗಳಿಂದಲೇ ವಂಶ ಬೆಳೆಯಿತು. ಇಂದು ಜಗತ್ತಿನಾದ್ಯಂತ ಮನೆಗಳಲ್ಲಿರುವ ಬಂಗಾರದ ಹ್ಯಾಮ್‌ಸ್ಟರ್‌ಗಳ ಪೈಕಿ ಬಹುಪಾಲು ಆ ಒಂದು ಬಿಲದ ಸಂತತಿ.

ಅಲೆಪ್ಪೊದ ರೈತನಿಗೂ ಚಿನಕುರಳಿಯ ಅಜ್ಜಿಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿರಲಾರದು. ಕಾಳು ಕದ್ದು ಬಿಲದಲ್ಲಿ ಕೂಡಿಡುವ ಈ ಪ್ರಾಣಿಗೆ ಅಲ್ಲಿನ ರೈತರೂ ವಿಷ ಇಡುತ್ತಾರೆ. ಸಾಕುಪ್ರಾಣಿಯಾಗಿ ಲೋಕವೆಲ್ಲ ಹರಡಿರುವ ಹ್ಯಾಮ್‌ಸ್ಟರ್ ತನ್ನ ತವರಿನ ಹೊಲಗಳಲ್ಲಿ ಅಳಿವಿನ ಭೀತಿ ಎದುರಿಸುತ್ತಿರುವುದು ವಿಪರ್ಯಾಸ.

ಈ ಹಿನ್ನೆಲೆ ಕೇವಲ ಕುತೂಹಲದ ಸಂಗತಿಯಲ್ಲ. ಕಾಡಿನ ಹ್ಯಾಮ್‌ಸ್ಟರ್ ಒಂಟಿಜೀವಿ. ಒಂದು ಬಿಲದಲ್ಲಿ ಬೆಳೆದ ಪ್ರಾಣಿ ಒಂದೇ. ಬಿಲದ ಆಳ ಸರಾಸರಿ ಎರಡು ಅಡಿಗೂ ಹೆಚ್ಚು ಎಂದು ಸಿರಿಯಾದಲ್ಲಿ ನಡೆದ ಕ್ಷೇತ್ರ ಅಧ್ಯಯನ 2001ರಲ್ಲಿ ವರದಿ ಮಾಡಿತು. ಹೊರಗೆ ಎಷ್ಟೇ ಬಿಸಿಲಿದ್ದರೂ ಆ ಆಳದಲ್ಲಿ ಮಣ್ಣು ತಂಪಾಗಿರುತ್ತದೆ. ಒಂಟಿತನ, ಆಳ, ಕತ್ತಲೆ, ತಂಪು ಇವಿಷ್ಟೂ ಆ ದೇಹಕ್ಕೆ ಒಗ್ಗಿಹೋಗಿವೆ. ನಾವು ಕೊಡುವುದಾದರೋ ತಂತಿಯ ನಡುವೆ ಬೆಳಕು, ಗದ್ದಲ ಮತ್ತು ಜೊತೆಗೊಂದು ಇರಲೆಂದು ಮತ್ತೊಂದು ಹ್ಯಾಮ್‌ಸ್ಟರ್.

ಆಯುಷ್ಯ ಎಷ್ಟು?

ಬಂಗಾರದ ಹ್ಯಾಮ್‌ಸ್ಟರ್‌ನ ಸಾಮಾನ್ಯ ಆಯುಷ್ಯ ಎರಡರಿಂದ ಮೂರು ವರ್ಷ. ಕುಳ್ಳ ಜಾತಿಗಳದ್ದೂ ಹೆಚ್ಚುಕಡಿಮೆ ಅಷ್ಟೇ. ಇವುಗಳಲ್ಲಿ ಅತಿ ಚಿಕ್ಕದಾದ, ಇಪ್ಪತ್ತು ಇಪ್ಪತ್ತೈದು ಗ್ರಾಂ ತೂಗುವ ರೊಬೊರೊವ್‌ಸ್ಕಿ ಮಾತ್ರ ಮೂರು ವರ್ಷ ದಾಟುವುದುಂಟು. ನಾಲ್ಕೂವರೆ ವರ್ಷ ಬದುಕಿದ ಹ್ಯಾಮ್‌ಸ್ಟರ್ ಗಿನ್ನೆಸ್ ದಾಖಲೆಗೆ ಸೇರಿದೆ ಎಂದರೆ ಐದಾರು ವರ್ಷದ ಮಾತು ಎಷ್ಟು ನಿಜವೆಂದು ಓದುಗರೇ ಊಹಿಸಬಹುದು.

ಇದು ಚೆನ್ನಾಗಿ ಸಾಕಿದಾಗಿನ ಲೆಕ್ಕ. ವಾಸ್ತವ ಇನ್ನೂ ಕಡಿಮೆ. ಬ್ರಿಟನ್ನಿನ ಪಶುವೈದ್ಯರ ಬಳಿ ಬಂದ ಸಾಕು ಹ್ಯಾಮ್‌ಸ್ಟರ್‌ಗಳ ದಾಖಲೆಗಳನ್ನು ಪರಿಶೀಲಿಸಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಾವಿನ ಮಧ್ಯಮ ವಯಸ್ಸು 1.75 ವರ್ಷ. ಅಂದರೆ ಸತ್ತವುಗಳಲ್ಲಿ ಅರ್ಧದಷ್ಟು ಒಂದೂ ಮುಕ್ಕಾಲು ವರ್ಷ ತುಂಬುವ ಮೊದಲೇ ಸತ್ತಿದ್ದವು. ಪಶುವೈದ್ಯರ ಬಾಗಿಲಿಗೆ ಹ್ಯಾಮ್‌ಸ್ಟರ್ ಒಯ್ಯುವ ದೇಶದ ಲೆಕ್ಕವಿದು. ವೈದ್ಯರನ್ನೇ ಕಾಣದವುಗಳ ಲೆಕ್ಕ ಇದರಲ್ಲಿಲ್ಲ.

ಇನ್ನೊಂದು ಮಾತು. ತಂದ ದಿನದಿಂದ ವಯಸ್ಸು ಎಣಿಸುವುದು ವಾಡಿಕೆ. ಅಂಗಡಿಯ ಪಂಜರದಲ್ಲಿ ಅದಕ್ಕಾಗಲೇ ಮೂರು ನಾಲ್ಕು ತಿಂಗಳು ಕಳೆದಿರಬಹುದು. ಎರಡೂವರೆ ವರ್ಷದ ಬದುಕಿನಲ್ಲಿ ನಾಲ್ಕು ತಿಂಗಳೆಂದರೆ ಸಣ್ಣ ಪಾಲಲ್ಲ.

ಬದುಕು ಚಿಕ್ಕದಾದಷ್ಟೂ ಅದರ ಗತಿ ವೇಗ. ಹ್ಯಾಮ್‌ಸ್ಟರ್‌ನ ಗರ್ಭಾವಧಿ ಸುಮಾರು ಹದಿನಾರು ದಿನ. ಮರಿಗಳು ಮೂರು ವಾರಕ್ಕೆ ಹಾಲು ಬಿಡುತ್ತವೆ, ಐದಾರು ವಾರಕ್ಕೆಲ್ಲ ತಾವೇ ಮರಿ ಹಾಕಬಲ್ಲವು. ಗಂಡು ಹೆಣ್ಣು ಗುರುತಿಸುವಲ್ಲಿ ಅಂಗಡಿಯವರು ಎಡವುವುದು ಸಾಮಾನ್ಯವಾದ್ದರಿಂದ "ಎರಡೂ ಗಂಡೇ" ಎಂಬ ಭರವಸೆಯ ಜೋಡಿ ತಿಂಗಳೊಳಗೆ ಹತ್ತಾಗಬಹುದು. ಹೊಸದಾಗಿ ಹೆತ್ತ ತಾಯಿಯನ್ನು ಮಕ್ಕಳು ಇಣುಕಿ ಕಾಡಿದರೆ ಅದು ತನ್ನ ಮರಿಗಳನ್ನೇ ತಿಂದುಬಿಡಬಹುದು. ಹತ್ತು ವರ್ಷದ ಮಗುವಿಗೆ ಅದನ್ನು ವಿವರಿಸುವ ಕಷ್ಟ ಬೇರೆಯೇ.

ಬಂಗಾರದ ಜಾತಿಯಲ್ಲಾದರೆ ಗಂಡೋ ಹೆಣ್ಣೋ, ಒಂದು ಗೂಡಿನಲ್ಲಿ ಒಂದೇ ಇರತಕ್ಕದ್ದು. ಆರೇಳು ವಾರ ದಾಟಿದ ಬಳಿಕ ಒಡಹುಟ್ಟಿದವೂ ಕಚ್ಚಾಡಿ ಸಾಯುತ್ತವೆ. ಒಂಟಿಯಾಗಿದೆ ಪಾಪ ಎಂಬ ನಮ್ಮ ಮರುಕ ಅದಕ್ಕೆ ಬೇಕಿಲ್ಲ.

ಬಿಸಿಲೇ ಮೊದಲ ಶತ್ರು

ಹ್ಯಾಮ್‌ಸ್ಟರ್ ಕುರಿತ ಪುಸ್ತಕಗಳು ಬಹುತೇಕ ತಂಪು ದೇಶಗಳವು. ಅಲ್ಲಿನ ಲೇಖಕರ ಚಿಂತೆ ಚಳಿಯದು. ಉಷ್ಣಾಂಶ ಐದು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿದಾಗ ಹ್ಯಾಮ್‌ಸ್ಟರ್ ಶಿಶಿರನಿದ್ರೆಗೆ ಜಾರುತ್ತದೆ, ಸತ್ತಿತೆಂದು ಭ್ರಮಿಸಿ ಹೂತುಬಿಟ್ಟೀರಿ ಎಂಬ ಎಚ್ಚರಿಕೆ ಅವುಗಳಲ್ಲಿ ತಪ್ಪದೆ ಇರುತ್ತದೆ. ಮಂಡ್ಯ, ಮೈಸೂರು, ಬೆಂಗಳೂರುಗಳ ಡಿಸೆಂಬರ್ ರಾತ್ರಿ ಮನೆಯೊಳಗೆ ಅಷ್ಟು ಚಳಿ ಆಗದು. ನಮ್ಮ ಚಿಂತೆ ಮಾರ್ಚಿಯಿಂದ ಮೇ ತಿಂಗಳವರೆಗಿನದು.

ಹದಿನೆಂಟರಿಂದ ಇಪ್ಪತ್ನಾಲ್ಕು ಡಿಗ್ರಿ ಈ ಪ್ರಾಣಿಗೆ ಹಿತ. ಮೂವತ್ತು ದಾಟಿದರೆ ಅಪಾಯ. ಅದಕ್ಕೆ ನಮ್ಮಂತೆ ಬೆವರಿ ತಣಿಯಲು ಬರುವುದಿಲ್ಲ, ನಾಯಿಯಂತೆ ತೇಗಿ ಶಾಖ ಕಳೆದುಕೊಳ್ಳಲೂ ಅಷ್ಟಾಗಿ ಆಗದು. ಬಿಲದ ಆಳಕ್ಕೆ ಇಳಿಯುವುದೊಂದೇ ಅದರ ಉಪಾಯ. ಪಂಜರದ ತಳದಲ್ಲಿ ಎರಡು ಬೆರಳಿನಷ್ಟು ಮರದ ಹೊಟ್ಟು ಹಾಕಿದಲ್ಲಿ ಅದು ಎಲ್ಲಿಗೆ ಇಳಿಯಬೇಕು? 2024ರ ಏಪ್ರಿಲ್‌ನಲ್ಲಿ ಹಳೆಯ ಮೈಸೂರು ಸೀಮೆಯೆಲ್ಲ ಬೆಂದುಹೋಗಿತ್ತು. ಶೀಟಿನ ಕೆಳಗಿನ ಕೋಣೆಯ ಸ್ಥಿತಿ ಹೊರಗಿಗಿಂತ ಹೆಚ್ಚು ಎಂಬುದನ್ನು ಅಂಥ ಮನೆಯಲ್ಲಿ ಮಧ್ಯಾಹ್ನ ಕಳೆದವರಿಗೆ ಹೇಳಬೇಕಿಲ್ಲ. ಅಕ್ಕನ ಮನೆಯ ಹ್ಯಾಮ್‌ಸ್ಟರ್ ಸತ್ತದ್ದು ಹೀಗೆ.

ಉಪಾಯಗಳು ದುಬಾರಿಯವಲ್ಲ. ಮನೆಯಲ್ಲಿ ಅತಿ ತಂಪಾದ ಮೂಲೆ ಯಾವುದೆಂದು ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ ಉಷ್ಣಮಾಪಕ ಇಟ್ಟು ನೋಡಬೇಕು. ಸಾಮಾನ್ಯವಾಗಿ ಅದು ನೆಲಮಟ್ಟದಲ್ಲಿ, ಉತ್ತರದ ಗೋಡೆಯ ಬಳಿ ಇರುತ್ತದೆ. ಮೇಜಿನ ಮೇಲೆ, ಕಿಟಕಿಯಲ್ಲಿ, ಫ್ರಿಜ್ಜಿನ ತಲೆಯ ಮೇಲೆ ಗೂಡು ಇಡಲೇಬಾರದು. ಕುಂಬಾರರು ಮಾಡುವ, ಬಣ್ಣ ಹಚ್ಚದ ಸಣ್ಣ ಮಣ್ಣಿನ ಕುಡಿಕೆಯನ್ನು ಅಡ್ಡಲಾಗಿ ಹೊಟ್ಟಿನಲ್ಲಿ ಅರ್ಧ ಹುಗಿದಿಟ್ಟರೆ ಅದೇ ಬಿಲವಾಗುತ್ತದೆ. ಒಂದು ತುಂಡು ಕಡಪ ಕಲ್ಲು ಅಥವಾ ಟೈಲ್ಸ್ ಒಳಗಿಟ್ಟರೆ ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತದೆ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನ ಒಂದು ಪಕ್ಕಕ್ಕೆ ಹೊರಗಿನಿಂದ ಒರಗಿಸಿಟ್ಟರೆ ವಿದ್ಯುತ್ ಕಡಿತದ ಮಧ್ಯಾಹ್ನಗಳನ್ನು ದಾಟಿಸಬಹುದು. ಫ್ಯಾನಿನ ಗಾಳಿ ನೇರವಾಗಿ ಬಡಿಯುವಂತಿರಬಾರದು.

ಕಾಲು ಚಾಚಿ ಮಲಗಿ ವೇಗವಾಗಿ ಉಸಿರಾಡುತ್ತಿದ್ದರೆ, ಎಬ್ಬಿಸಿದರೂ ತೂರಾಡಿದರೆ, ಶಾಖ ಹೊಡೆದಿದೆ ಎಂದರ್ಥ. ತಕ್ಷಣ ತಂಪಾದ ಜಾಗಕ್ಕೆ ಒಯ್ದು, ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಿವಿ ಹಾಗೂ ಪಾದಗಳನ್ನು ಒರೆಸಬೇಕು. ಪ್ರಜ್ಞೆಯಿದ್ದರೆ ತುಟಿಯಂಚಿಗೆ ನೀರಿನ ಹನಿ ತಾಗಿಸಬೇಕು. ಬಳಿಕ ವೈದ್ಯರಲ್ಲಿಗೆ ಒಯ್ಯಬೇಕು. ಮಂಜುಗಡ್ಡೆಯ ನೀರಿನಲ್ಲಿ ಅದ್ದುವುದು ಶಾಖದಷ್ಟೇ ಕೆಟ್ಟದ್ದು.

ಗೂಡು, ಹಾಸು, ಚಕ್ರ

ಜರ್ಮನಿಯ ಪಶುವೈದ್ಯರ ಪ್ರಾಣಿಕಲ್ಯಾಣ ಸಂಘ ಸೂಚಿಸುವ ಕನಿಷ್ಠ ಅಳತೆ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಎತ್ತರ. ನಮ್ಮಲ್ಲಿ ಮಾರುವ ಬಣ್ಣಬಣ್ಣದ ಪಂಜರಗಳಲ್ಲಿ ಹೆಚ್ಚಿನವು ಇದರ ಕಾಲುಭಾಗಕ್ಕೂ ಬಾರವು. ಹಾಗೆಂದು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಗಾಳಿಗೆ ಮೇಲ್ಭಾಗದಲ್ಲಿ ಜಾಲರಿ ಕೂರಿಸಿದ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ, ಹಳೆಯ ಕಪಾಟಿನ ಮರದಿಂದ ಬಡಗಿ ಮಾಡಿಕೊಟ್ಟ ಗೂಡು, ಸೋರುವ ಕಾರಣಕ್ಕೆ ಮೂಲೆ ಸೇರಿದ ಮೀನಿನ ತೊಟ್ಟಿ ಸಾಕು.

ಹಾಸು ಆಳವಾಗಿರಬೇಕೆಂಬುದಕ್ಕೆ ಪುರಾವೆಯಿದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು ಹತ್ತು, ನಲವತ್ತು ಹಾಗೂ ಎಂಬತ್ತು ಸೆಂಟಿಮೀಟರ್ ಆಳದ ಹಾಸಿನಲ್ಲಿ ಬಂಗಾರದ ಹ್ಯಾಮ್‌ಸ್ಟರ್‌ಗಳನ್ನು ಸಾಕಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತು ಸೆಂಟಿಮೀಟರಿನವು ಪಂಜರದ ತಂತಿಯನ್ನು ಎಡೆಬಿಡದೆ ಕಡಿದವು. ಎಂಬತ್ತರವು ತಂತಿಯ ಗೊಡವೆಗೆ ಹೋಗದೆ ಬಿಲ ತೋಡಿಕೊಂಡವು. "ನಮ್ಮದು ಬಹಳ ಚುರುಕು, ರಾತ್ರಿಯೆಲ್ಲ ಕಂಬಿ ಕಡಿಯುತ್ತೆ" ಎಂದು ಹೆಮ್ಮೆಪಡುವವರು ಇದನ್ನು ಗಮನಿಸಬೇಕು. ಅದು ಚುರುಕುತನವಲ್ಲ, ಸಂಕಟ.

ಹಾಸಿಗೆ ಬಣ್ಣ, ಸುವಾಸನೆ ಇಲ್ಲದ ಕಾಗದದ ಚೂರು, ದೂಳಿಲ್ಲದ ಒಣಹುಲ್ಲು ಒಳ್ಳೆಯದು. ಪತ್ರಿಕೆಯವರಾಗಿ ಹೇಳಲು ತುಸು ಸಂಕೋಚವಾದರೂ, ಅಚ್ಚಾದ ಹಾಳೆಗಿಂತ ಅಚ್ಚಾಗದ ಹಾಳೆಯೇ ಲೇಸು. ಹತ್ತಿಯಂಥ ಹಾಸು ಮೆತ್ತಗೆ ಕಂಡರೂ ಅದರ ಎಳೆಗಳು ಕಾಲಿಗೆ ಸುತ್ತಿ ರಕ್ತಚಲನೆ ನಿಲ್ಲಿಸುತ್ತವೆ, ಹೊಟ್ಟೆಗೆ ಹೋದರೆ ಕರುಳು ಕಟ್ಟುತ್ತದೆ. ಕಟ್ಟಿಗೆ ಮಿಲ್ಲಿನ ಪುಡಿಯ ದೂಳು ಶ್ವಾಸಕೋಶಕ್ಕೆ ಕೆಡುಕು. ಗದ್ದೆಯಿಂದ ತಂದ ಹುಲ್ಲಿನಲ್ಲಿ ಕೀಟನಾಶಕದ ಶೇಷ ಇರಬಹುದು.

ಚಕ್ರ ಬೇಕೇ ಬೇಕು. ಅದು ಆಟಿಕೆಯಲ್ಲ, ಓಡುವುದು ಅದರ ದೇಹಧರ್ಮ. ಓಡುವಾಗ ಬೆನ್ನು ಬಾಗದಂತಿರಬೇಕು. ಬಂಗಾರದ ಜಾತಿಗೆ ವ್ಯಾಸ ಎಂಟು ಇಂಚಿಗಿಂತ ಕಡಿಮೆ ಇರಬಾರದು, ಹನ್ನೊಂದಾದರೆ ಉತ್ತಮ. ಸರಳುಗಳ ಚಕ್ರದಲ್ಲಿ ಕಾಲು ಸಿಕ್ಕಿ ಮುರಿಯುವ ಕಾರಣ ಹಲಗೆಯಂತೆ ತುಂಬಿದ ಮೈಯುಳ್ಳ ಚಕ್ರವೇ ಆಗಬೇಕು. ಸ್ನಾನ ಮಾಡಿಸಬಾರದು. ತಟ್ಟೆಯಲ್ಲಿ ಜರಡಿ ಹಿಡಿದು ಒಣಗಿಸಿದ ಮರಳಿಟ್ಟರೆ ತಾನೇ ಹೊರಳಿ ಮೈ ಶುಚಿ ಮಾಡಿಕೊಳ್ಳುತ್ತದೆ.

ಬೆಲ್ಲದ ಊರಿನಲ್ಲಿ ಬೆಲ್ಲ ಬೇಡ

ಆಲೆಮನೆಯ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಪ್ರೀತಿ ತೋರಿಸಲು ಗೊತ್ತಿರುವ ಮೊದಲ ದಾರಿ ಬೆಲ್ಲದ ಚೂರು ಅಥವಾ ಕಬ್ಬಿನ ತುಂಡು. ಹ್ಯಾಮ್‌ಸ್ಟರ್‌ಗೆ ಇವೆರಡೂ ಸಲ್ಲ. ಕೆನ್ನೆಯಿಂದ ಹೆಗಲವರೆಗೆ ಚಾಚುವ ಎರಡು ಚೀಲಗಳಲ್ಲಿ ಅದು ಆಹಾರವನ್ನು ತುಂಬಿ ಒಯ್ಯುತ್ತದೆ. ಅಂಟುವ ಬೆಲ್ಲ, ಮುದ್ದೆ, ಅನ್ನ ಅಲ್ಲಿ ಮೆತ್ತಿಕೊಂಡು ಕೊಳೆತು ಹುಣ್ಣಾಗುತ್ತದೆ. ಕುಳ್ಳ ಜಾತಿಗಳಿಗೆ, ವಿಶೇಷವಾಗಿ ಕ್ಯಾಂಪ್‌ಬೆಲ್ ಹಾಗೂ ಚೀನೀ ಹ್ಯಾಮ್‌ಸ್ಟರ್‌ಗಳಿಗೆ ಸಕ್ಕರೆ ಕಾಯಿಲೆಯೂ ಬರುತ್ತದೆ. ಹಣ್ಣು ಕೂಡ ಅವಕ್ಕೆ ಬೇಡ.

ಅಂಗಡಿಯಲ್ಲಿ ದೊರೆಯುವ ಗುಳಿಗೆ ರೂಪದ ದಂಶಕ ಆಹಾರವನ್ನು ಆಧಾರವಾಗಿಟ್ಟುಕೊಂಡು, ಅದರ ಜೊತೆ ರಾಗಿ, ನವಣೆ, ಜೋಳ, ಗೋಧಿ ಕಾಳುಗಳನ್ನು ಸ್ವಲ್ಪ ಸ್ವಲ್ಪ ಬೆರೆಸಿ ಹಾಸಿನ ಮೇಲೆ ಚೆಲ್ಲಿದರೆ ಹುಡುಕಿ ತಿನ್ನುವ ಖುಷಿಯೂ ಸಿಗುತ್ತದೆ. ದಿನಕ್ಕೆ ಒಂದರಿಂದ ಎರಡು ಟೀ ಚಮಚ ಸಾಕು. ಸೂರ್ಯಕಾಂತಿ ಬೀಜ ಒಂದೆರಡು ಮಾತ್ರ, ಅದು ಕೊಬ್ಬಿನ ಗಣಿ. ಉಗುರಿನಷ್ಟು ಸೌತೆಕಾಯಿ, ಗಜ್ಜರಿ, ಚೆನ್ನಾಗಿ ತೊಳೆದ ಸೊಪ್ಪು, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆಯ ಚೂರು ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ, ನಿಂಬೆ ಜಾತಿಯ ಹಣ್ಣು, ಹಸಿ ಆಲೂಗಡ್ಡೆ, ಚಾಕೊಲೇಟ್ ವರ್ಜ್ಯ. ಬಟ್ಟಲು ಬರಿದಾಗಿದೆಯೆಂದು ಮತ್ತೆ ಮತ್ತೆ ತುಂಬುವವರು ಗೂಡಿನ ಮೂಲೆ ಕೆದಕಿ ನೋಡಲಿ, ಉಗ್ರಾಣ ಅಲ್ಲಿದೆ.

ಹಳ್ಳಿಮನೆಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಗದ್ದೆಗೂ ಅಟ್ಟಕ್ಕೂ ಬಳಸುವ ಜಿಂಕ್ ಫಾಸ್ಫೈಡ್, ಬ್ರೋಮಾಡಿಯೊಲೋನ್‌ನಂಥ ಇಲಿಪಾಷಾಣಗಳಿಗೆ ಕಾಡಿನ ಇಲಿ, ಮನೆಯ ಹ್ಯಾಮ್‌ಸ್ಟರ್ ಎಂಬ ಭೇದವಿಲ್ಲ. ವಿಷ ಕಲಸಿದ ಕೈ ತೊಳೆಯದೆ ಆಹಾರ ಹಾಕುವುದು, ವಿಷದ ಬಿಲ್ಲೆಗಳ ಪಕ್ಕದಲ್ಲಿ ಕಾಳಿನ ಡಬ್ಬಿ ಇಡುವುದು, ರಾತ್ರಿ ಗೂಡಿನಿಂದ ತಪ್ಪಿಸಿಕೊಂಡದ್ದು ಅಟ್ಟ ಹತ್ತುವುದು ಇವೆಲ್ಲ ನಡೆಯುವಂಥವೇ.

ಮಕ್ಕಳ ಸಿರಪ್ ಕೊಡಬೇಡಿ

ಬೇಟೆಗೆ ಬಲಿಯಾಗುವ ಪ್ರಾಣಿಗಳು ಕಾಯಿಲೆಯನ್ನು ತೋರಗೊಡುವುದಿಲ್ಲ. ಹ್ಯಾಮ್‌ಸ್ಟರ್ ಮಂಕಾಗಿದೆ ಎಂದು ನಮಗೆ ಕಾಣುವ ಹೊತ್ತಿಗೆ ಕಾಯಿಲೆ ಮುಕ್ಕಾಲು ದಾರಿ ಸಾಗಿರುತ್ತದೆ. ಎಳೆಯವುಗಳ ದೊಡ್ಡ ಶತ್ರು ಬಾಲದ ಸುತ್ತ ಒದ್ದೆಯಾಗುವ ಭೇದಿ. ಮೇಲೆ ಹೇಳಿದ ಬ್ರಿಟಿಷ್ ಅಧ್ಯಯನದಲ್ಲಿಯೂ ಸಾವಿನ ಕಾರಣಗಳಲ್ಲಿ ಮೊದಲ ಸ್ಥಾನ ಇದಕ್ಕೇ. ತಾಯಿಯಿಂದ ಅಗಲಿದ, ಅಂಗಡಿಯಿಂದ ಮನೆಗೆ ಸಾಗಿದ ದಿನಗಳ ಒತ್ತಡದಲ್ಲಿ ಅದು ಬರುತ್ತದೆ, ಎರಡು ಮೂರು ದಿನದಲ್ಲಿ ಕೊಲ್ಲುತ್ತದೆ. ಹೊಸದಾಗಿ ತಂದದ್ದನ್ನು ಮೊದಲ ವಾರ ಎತ್ತಿ ಆಡಿಸದೆ ತನ್ನಷ್ಟಕ್ಕೆ ಬಿಡಬೇಕೆನ್ನುವುದು ಇದೇ ಕಾರಣಕ್ಕೆ.

ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಓದುಗರು ಇದನ್ನು ನೆನಪಿಡಲಿ. ಮನೆಯಲ್ಲಿ ಮಕ್ಕಳಿಗೆಂದು ಇಟ್ಟ ಅಮಾಕ್ಸಿಸಿಲಿನ್ ಸಿರಪ್ಪನ್ನು ಎರಡು ಹನಿ ಹ್ಯಾಮ್‌ಸ್ಟರ್‌ಗೂ ಹಾಕಬಾರದು. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೊಮೈಸಿನ್, ಕ್ಲಿಂಡಾಮೈಸಿನ್, ಎರಿಥ್ರೊಮೈಸಿನ್ ಮೊದಲಾದ ಪ್ರತಿಜೀವಕಗಳು ಅದರ ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಅಳಿಸಿ, ವಿಷಕಾರಿ ಕ್ಲಾಸ್ಟ್ರಿಡಿಯಮ್‌ಗೆ ಎಡೆಮಾಡಿಕೊಡುತ್ತವೆ. ಕಾಯಿಲೆಗಿಂತ ಮೊದಲು ಔಷಧಿಯೇ ಕೊಲ್ಲುತ್ತದೆ. ನಾಯಿಗೆ, ದನಕ್ಕೆ ಒಳ್ಳೆಯದಾದ ಔಷಧಿ ಇದಕ್ಕೆ ವಿಷವಾಗುವುದು ವಿಚಿತ್ರವೆನಿಸಿದರೂ ಪಶುವೈದ್ಯ ಪಠ್ಯಗಳಲ್ಲಿ ದೃಢಪಟ್ಟ ಸಂಗತಿ.

ಇಲ್ಲಿಯೇ ನಮ್ಮ ಊರುಗಳ ತೊಡಕಿರುವುದು. ತಾಲ್ಲೂಕು ಪಶು ಆಸ್ಪತ್ರೆಗಳು ಹಸು, ಎಮ್ಮೆ, ಕುರಿ, ಮೇಕೆಗಳಿಗಾಗಿ ಇರುವಂಥವು. ನೂರೈವತ್ತು ಗ್ರಾಮಿನ ಪ್ರಾಣಿಯನ್ನು ಅಂಗೈಯಲ್ಲಿ ಹಿಡಿದು ಹೋದವನನ್ನು ಸರದಿಯಲ್ಲಿರುವ ರೈತರು ನೋಡಿ ನಗುವುದು ಸಹಜ. ವೈದ್ಯರನ್ನು ದೂರುವಂತಿಲ್ಲ. ಸಣ್ಣ ಪ್ರಾಣಿಗಳ ಚಿಕಿತ್ಸೆಯಲ್ಲಿ ಅನುಭವವುಳ್ಳವರು ಮೈಸೂರು, ಬೆಂಗಳೂರುಗಳಲ್ಲಿ ಸಿಗುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹಾಸನ, ಶಿವಮೊಗ್ಗಗಳಲ್ಲಿಯೂ ಕಾಲೇಜುಗಳಿವೆ. ಹ್ಯಾಮ್‌ಸ್ಟರ್ ಕೊಳ್ಳುವ ಮೊದಲು ಅದನ್ನು ನೋಡಬಲ್ಲ ವೈದ್ಯರು ಎಲ್ಲಿದ್ದಾರೆಂದು ತಿಳಿದು, ಅವರ ದೂರವಾಣಿ ಸಂಖ್ಯೆ ಬರೆದಿಟ್ಟುಕೊಳ್ಳುವುದು ಪಂಜರ ಕೊಳ್ಳುವುದಕ್ಕಿಂತ ಮುಖ್ಯ.

ಕಚ್ಚಿದರೆ ರೇಬಿಸ್ ಬರುತ್ತದೆಯೇ ಎಂಬ ಪ್ರಶ್ನೆ ಪೋಷಕರದು. ಹ್ಯಾಮ್‌ಸ್ಟರ್‌ನಂಥ ಸಣ್ಣ ದಂಶಕಗಳಲ್ಲಿ ರೇಬಿಸ್ ತೀರ ಅಪರೂಪ. ಗಾಯವನ್ನು ಹರಿಯುವ ನೀರು, ಸಾಬೂನಿನಿಂದ ಚೆನ್ನಾಗಿ ತೊಳೆದು, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳುವುದು ಕ್ರಮ. ಮುಟ್ಟಿದ ಬಳಿಕ ಕೈ ತೊಳೆಯಬೇಕು. ಗರ್ಭಿಣಿಯರು ಗೂಡು ಶುಚಿ ಮಾಡದಿರುವುದು ಒಳಿತು. ದಂಶಕಗಳಿಂದ ಹರಡುವ ಒಂದು ವೈರಾಣು ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲದು. 2022ರ ಜನವರಿಯಲ್ಲಿ ಹಾಂಗ್‌ಕಾಂಗ್‌ನ ಅಂಗಡಿಯೊಂದರ ಹ್ಯಾಮ್‌ಸ್ಟರ್‌ಗಳಲ್ಲಿ ಕೋವಿಡ್ ಪತ್ತೆಯಾಗಿ ಸುಮಾರು ಎರಡು ಸಾವಿರ ಸಣ್ಣ ಪ್ರಾಣಿಗಳನ್ನು ಕೊಲ್ಲಲಾಯಿತು. ಕೋವಿಡ್ ತಗಲುವ ಗುಣವೇ ಹ್ಯಾಮ್‌ಸ್ಟರನ್ನು ಲಸಿಕೆ ಸಂಶೋಧನೆಗೆ ತಂದದ್ದು. ಕೋವ್ಯಾಕ್ಸಿನ್ ಮನುಷ್ಯರಿಗೆ ಬರುವ ಮುನ್ನ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಇದೇ ಸಿರಿಯಾದ ಹ್ಯಾಮ್‌ಸ್ಟರ್‌ಗಳ ಮೇಲೆ ಪರೀಕ್ಷೆಗೊಳಗಾಗಿತ್ತು.

ಕಾನೂನು ಇದೆ

ಹ್ಯಾಮ್‌ಸ್ಟರ್ ಮಾರಾಟಕ್ಕೆ ಹೇಳುವವರು ಕೇಳುವವರು ಇಲ್ಲವೆಂಬ ಭಾವನೆ ಸಾಮಾನ್ಯ. ಅದು ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2018ರಲ್ಲಿ ಹೊರಡಿಸಿದ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ನಾಯಿ, ಬೆಕ್ಕು, ಮೊಲ, ಗಿನಿಯಿಲಿಗಳೊಂದಿಗೆ ಹ್ಯಾಮ್‌ಸ್ಟರ್ ಹೆಸರೂ ಇದೆ. ಅಂಗಡಿಯವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ನಿಗದಿತ ಅಳತೆಯ ಗೂಡು, ನೀರು, ಗಾಳಿ, ಚಿಕಿತ್ಸೆ ಒದಗಿಸಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಗಿರಾಕಿಗಳು ಹೆಚ್ಚಿದಲ್ಲಿ ಅಂಗಡಿಗಳೂ ಬದಲಾದಾವು. ಕೇಳಿದವರನ್ನು ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ ಎಂಬುದೂ ಅನುಭವದ ಮಾತು.

ಸಾಕಲಾಗದೆ ಹೋದಾಗ ಗದ್ದೆಯಲ್ಲಿ ಬಿಟ್ಟು ಬರುವುದು ಬಿಡುಗಡೆಯಲ್ಲ. ಬೆಕ್ಕು, ಹದ್ದು, ಕೇರೆಹಾವು ಇವುಗಳಲ್ಲಿ ಯಾವುದು ಮೊದಲು ಎಂಬುದಷ್ಟೇ ಅಲ್ಲಿ ಉಳಿಯುವ ಪ್ರಶ್ನೆ.

ಮುಪ್ಪು

ಒಂದೂವರೆ ವರ್ಷ ದಾಟಿದ ಹ್ಯಾಮ್‌ಸ್ಟರ್ ಮುದಿಯಾಗತೊಡಗುತ್ತದೆ. ರೋಮ ತೆಳುವಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಚಕ್ರದ ಸದ್ದು ಕಡಿಮೆಯಾಗುತ್ತದೆ. ಹಲ್ಲು ಸವೆಯದೆ ಉದ್ದವಾಗಿ ಬಾಯಿ ಮುಚ್ಚದಂತಾಗಬಹುದು. ಅದನ್ನು ವೈದ್ಯರೇ ಕತ್ತರಿಸಬೇಕು. ಮೂತ್ರಪಿಂಡ, ಹೃದಯದ ತೊಂದರೆ, ಗಡ್ಡೆಗಳು ಈ ವಯಸ್ಸಿನವು. ಗೂಡಿನೊಳಗಿನ ಅಟ್ಟ, ಏಣಿಗಳನ್ನು ತೆಗೆದು ಎಲ್ಲವನ್ನೂ ನೆಲಮಟ್ಟಕ್ಕೆ ತರಬೇಕು. ಕಾಳನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಡಬೇಕು. ಎಲ್ಲಕ್ಕಿಂತ ನಂಬಲರ್ಹವಾದ ಸೂಚನೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಡಬ್ಬಿಯಿಟ್ಟು ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ ಕಣ್ಣಿಗೆ ಕಾಣುವ ಮೊದಲೇ ಅಂಕಿ ಹೇಳುತ್ತದೆ. ನೋವು ತಾಳಲಾರದ ಸ್ಥಿತಿಯಲ್ಲಿ ಪಶುವೈದ್ಯರು ನೋವಿಲ್ಲದ ಮರಣ ನೀಡಬಲ್ಲರು. ಆ ನಿರ್ಧಾರದ ಮಾತು ನಡೆಯುವಾಗ ಮಗುವನ್ನು ಹೊರಗೆ ಕಳಿಸಿ, ಬಂದ ಮೇಲೆ "ಓಡಿಹೋಯಿತು" ಎನ್ನುವುದು ಈ ವರದಿಗಾರನ ಮಟ್ಟಿಗೆ ಸರಿಯೆನಿಸುವುದಿಲ್ಲ. ಮಗು ತಿಂಗಳುಗಟ್ಟಲೆ ಮಂಚದಡಿ ಹುಡುಕುತ್ತದೆ.

ಚಿನಕುರಳಿಯ ಮನೆಯಲ್ಲಿ ಈಗಿರುವುದು ಎರಡನೆಯದು. 2024ರ ದಸರಾ ರಜೆಯಲ್ಲಿ ಬಂತು. ಬೇಡವೆಂದು ಈ ವರದಿಗಾರ ಹೇಳಿದ್ದ. ಹುಡುಗ ಆರು ತಿಂಗಳು ಹಟ ಹಿಡಿದು, ಮೊದಲು ಗೂಡು ಕಟ್ಟಿಸಿ ಅನಂತರ ಪ್ರಾಣಿಯನ್ನು ತರಿಸಿಕೊಂಡ. ಗೂಡು ಶೀಟಿನ ಕೋಣೆಯಿಂದ ನಡುಮನೆಯ ಕೆಂಪು ನೆಲಕ್ಕೆ ಇಳಿದಿದೆ. ಒಳಗೆ ಮುಕ್ಕಾಲು ಅಡಿ ಕಾಗದದ ಹಾಸು, ಒಂದು ಮಣ್ಣಿನ ಕುಡಿಕೆ. ಇಲಿಪಾಷಾಣದ ಡಬ್ಬಿ ಕೊಟ್ಟಿಗೆಯ ಗೂಟಕ್ಕೆ ಸ್ಥಳಾಂತರವಾಗಿದೆ. ಸಂಜೆ ದೀಪ ಹಚ್ಚಿದ ಮೇಲೆ ಒಂದು ಚಿಟಿಕೆ ರಾಗಿ ಚೆಲ್ಲುವವರು ಅಜ್ಜಿ. "ನಾ ಹಾಕ್ಲಿಲ್ಲ ಅಂದ್ರೆ ಇವ್ನು ಓದ್ಕೊಂಡು ಮರ್ತೋಯ್ತಾನೆ" ಎಂಬುದು ಅವರ ಸಮಜಾಯಿಷಿ.

ಅದಕ್ಕೀಗ ಒಂದೂವರೆ ವರ್ಷ ದಾಟಿದೆ. ಹುಡುಗನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪ್ರತಿ ಸೋಮವಾರದ ತೂಕವಿದೆ. ಕಳೆದ ಬಾರಿ ಹೋದಾಗ ಕೊನೆಯ ನಾಲ್ಕು ಸಾಲು ಹೀಗಿದ್ದವು: 141, 140, 138, 133. ಮುಂದಿನ ಶನಿವಾರ ಮೈಸೂರಿಗೆ ವೈದ್ಯರಲ್ಲಿಗೆ ಒಯ್ಯುವುದೆಂದು ನಿಶ್ಚಯವಾಗಿದೆ. ಬಸ್ಸಿನಲ್ಲಿ ಬಿಸಿಲೇರುವ ಮುನ್ನ ತಲುಪಬೇಕೆಂದು ಬೆಳಗಿನ ಮೊದಲ ಬಸ್ಸಿಗೇ ಹೊರಡುವುದಾಗಿ ಹುಡುಗ ಹೇಳಿದ.